ನಟ್ಟನಡುವೆ ನಿಂತವನು

ಕೊಪ್ಪದ ಎಂಜಿನಿಯರ್ ಯಜ್ಞೇಶ ಹಳ್ಳಿಗಳಿಗೆ ತೂಗುಸೇತುವೆ ಕಟ್ಟಿಸುವವನು. ಆದರೆ ಹೊಳೆಯ ದಡದಲ್ಲಿ ನಿಂತದ್ದಕ್ಕಿಂತ ಕಂಪ್ಯೂಟರಿನ ಪರದೆಯ ಮುಂದೆ ಕೂತದ್ದೇ ಹೆಚ್ಚು. ಒಂದೇ ಸೇತುವೆಗೆ ಹತ್ತಾರು ನಕ್ಷೆ ಬರೆದು, ಪ್ರತಿಯೊಂದರ ಮೇಲೂ ಪರದೆಯಲ್ಲೇ ಗಾಳಿ ಬೀಸಿಸಿ ಜನರನ್ನು ನಡೆಸುತ್ತಾನೆ. ಸೊಪ್ಪಿನ ಹೊರೆಯವರು ದಾಟುತ್ತಾರೆ, ಹೆದರಿದ ಎಮ್ಮೆ ಅರ್ಧದಲ್ಲೇ ಹಿಂದಕ್ಕೆ ತಿರುಗುತ್ತದೆ, ಕರೆಂಟು ಹೋದರೆ ಮದುವೆ ದಿಬ್ಬಣ ಹೊಳೆಯ ಮೇಲೇ ಉಳಿಯುತ್ತದೆ. "ಅಗ್ಗ ಮಾಡಿದ್ರೆ ಅಲ್ಲಾಡ್ತದೆ, ಬಿಗಿ ಮಾಡಿದ್ರೆ ಖರ್ಚು. ಎರಡೂ ಒಟ್ಟಿಗೆ ಸಿಕ್ಕೂದಿಲ್ಲ ಮಾರಾಯ" ಎನ್ನುವುದು ಅವನ ನಿತ್ಯದ ಮಾತು. ಮನೆಯಲ್ಲಿ ಮಂಚ ಎಲ್ಲಿಡಬೇಕೆಂಬುದನ್ನೂ ಹೀಗೆಯೇ ಪರೀಕ್ಷಿಸುತ್ತಿರುವುದರಿಂದ ಹೆಂಡತಿ ಶ್ರೀವಾಣಿ ದೀಪಾವಳಿಯಿಂದ ಚಾಪೆಯ ಮೇಲೇ ಮಲಗುತ್ತಿದ್ದಾಳೆ. ಕೆರೆಕಟ್ಟೆಯ ಸೇತುವೆಗೆ ಮಾತ್ರ ಅವನು ತಡಮಾಡದೆ ಎಲ್ಲಕ್ಕಿಂತ ದುಬಾರಿ ನಕ್ಷೆಯನ್ನೇ ಆರಿಸಿಬಿಟ್ಟ. ಆ ಊರಿನ ಪಂಚಾಯ್ತಿ ಅಧ್ಯಕ್ಷ ರಘುಪತಿ ಖರ್ಚು ಹೆಚ್ಚಾಯಿತೆಂದು ಜಗಳಕ್ಕೆಂದೇ ಬಂದು ಪರದೆ ನೋಡಿದರು. ಎಲ್ಲರೂ ದಾಟಿ ಹೋದ ಮೇಲೂ ಒಬ್ಬ ನಟ್ಟನಡುವೆ ನಿಂತೇ ಇದ್ದ. "ಇವ ಎಂತಕ್ಕೆ ನಿಂತ? ಕಂಪ್ಯೂಟರ್ ಕೆಟ್ಟಿತಾ?" ಎಂದರು. "ಇಲ್ಲ ಮಾರಾಯ್ರೆ, ಅದು ನಿಮ್ಮೂರಿನ ವಾಸಪ್ಪಣ್ಣ" ಎಂದ ಯಜ್ಞೇಶ. "ಅವನ ಮಗಳು ಹಳೇ ಮರದ ಸಂಕದಿಂದ ಹೊಳೆಗೆ ಬಿದ್ದು ತೀರಿಹೋದದ್ದು ಅಲ್ಲೇ ಅಲ್ವಾ. ಸೇತುವೆ ಆದ್ಮೇಲೆ ದಿನಾ ಬಂದು ನಿಲ್ತಾನೆ. ಅವ ನಿಂತಾಗ ಅಲ್ಲಾಡಬಾರ್ದು."