ರೊಟ್ಟಿಗೆ ಹತ್ತು, ರಟ್ಟೆಗೆ ಸೊನ್ನೆ

ಕಳೆದ ತಿಂಗಳು ಮಸ್ಕಿಯ ನಮ್ಮಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಅಕ್ಕ ತನ್ನ ಗಂಡನ, ಅಂದರೆ ನಮ್ಮ ಮಾವನ, ತಾಟಿಗೆ ಬಿಸಿ ರೊಟ್ಟಿ ಹಾಕಿದಳು. ಅವರು ತಾಟನ್ನೇ ಅತ್ತ ಸರಿಸಿಬಿಟ್ಟರು.

"ಎಡಗೈಲೆ ನೀಡಾಕತ್ತೀಯಲ್ಲ, ನಾನೇನು ಭಿಕ್ಷಾ ಬೇಡಾಕ ಬಂದೀನೇನು?"

ಅಕ್ಕ ಎಡಗೈಯಿಂದ ಬಲಗೈಯನ್ನು ಹಿಡಿದೆತ್ತಿ, ಅದೇ ರೊಟ್ಟಿಯನ್ನು ಮತ್ತೊಮ್ಮೆ ನೀಡಿದಳು. ಆಕೆಯ ಬಲಗೈ ಭುಜದಿಂದ ಮೇಲೇಳುತ್ತಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ಮಾವನಿಗೂ ಆಗಲೇ! (ಒಂದೇ ಮನೆ, ದಿನಕ್ಕೆ ಎರಡು ಹೊತ್ತು ಆಕೆ ನೀಡಿದ್ದನ್ನೇ ಉಣ್ಣುವುದು. ಆದರೂ ನೋಡಿ.)

ಮರುದಿನ ನಾನೇ ಲಿಂಗಸುಗೂರಿಗೆ ಕರೆದುಕೊಂಡು ಹೋದೆ. ಎಲುಬಿನ ಡಾಕ್ಟರು ಕೈ ಎತ್ತಿಸಿ, ಇಳಿಸಿ, ತಿರುವಿ ನೋಡಿ, "ದಿನಾ ಎಷ್ಟು ರೊಟ್ಟಿ ಬಡೀತೀರಿ?" ಎಂದು ಕೇಳಿದರು. ಅಕ್ಕ ನಾಚಿಕೊಂಡು, "ಎಣಿಸಿಲ್ರೀ" ಅಂದಳು.

"ಮೂರು ತಿಂಗಳು ಒಂದ್ ರೊಟ್ಟೀನೂ ಬಡೀಬ್ಯಾಡ್ರಿ. ಬಡಿದ್ರಂದ್ರ ಮುಂದ ಈ ಕೈ ಮ್ಯಾಲ ಏಳಂಗಿಲ್ಲ."

ಅಷ್ಟು ರೊಟ್ಟಿ ಯಾಕೆ ಅಂತೀರಾ? ಮಾವನದು ಬೀಜ-ಗೊಬ್ಬರದ ಅಂಗಡಿ. ಬಳಗಾನೂರು ಕಡೆಯಿಂದ, ಸುತ್ತಲಿನ ಹಳ್ಳಿಗಳಿಂದ ಬಂದ ರೈತರನ್ನು ಉಣ್ಣದೆ ಕಳಿಸುವ ಪದ್ಧತಿ ಆ ಮನೆಯಲ್ಲಿ ಇಲ್ಲ. ಮಾವನ ಅಪ್ಪನ ಕಾಲದಿಂದ ನಡೆದುಬಂದದ್ದು. ಒಳ್ಳೆಯ ಪದ್ಧತಿಯೇ, ಇಲ್ಲ ಅನ್ನುವುದಿಲ್ಲ. ಉಂಡವರು ಬಸ್ಸು ಹತ್ತುವಾಗ "ಸೌಕಾರ್ರ ಮನೀ ರೊಟ್ಟಿ ಅಂದ್ರ ರೊಟ್ಟಿ" ಎಂದು ಹೊಗಳುತ್ತಾರೆ. ರೊಟ್ಟಿ ಅಕ್ಕನದು, ಹೆಸರು ಸೌಕಾರರದು.

ಇನ್ನು ಬೇರೆ ದಾರಿ ಇರಲಿಲ್ಲ. ಅದೇ ಓಣಿಯ ಖಾಸಿಂಬಿ ಮನೆಯಲ್ಲೇ ರೊಟ್ಟಿ ಮಾಡಿ ಮಾರುತ್ತಾಳೆ. ಅಲ್ಲಿಂದ ತರಿಸಲು ಶುರುಮಾಡಿದರು. ಒಂದಕ್ಕೆ ಹತ್ತು ರೂಪಾಯಿ. ನಾನಿನ್ನೂ ಅಲ್ಲೇ ಇದ್ದೆ, ಎರಡು ದಿನ ಕಳೆಯುವುದರೊಳಗೆ ಮಾವ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದರು.

"ಮನ್ಯಾಗ ಮಾಡಿದ್ರ ರೊಟ್ಟಿಗೆ ಐದು ರೂಪಾಯಿ ಸೈತ ಬೀಳಂಗಿಲ್ಲ. ಅಕಿ ಹತ್ತು ತಗೊಳ್ಳಾಕತ್ಯಾಳ! ಹಾಡುಹಗಲ ದರೋಡಿ ಇದು."

"ಹಿಟ್ಟಿಂದು ಹಿಡಿದ್ರಿ ಮಾವ?"

"ಹಿಡಿದೆ."

"ಗ್ಯಾಸಿಂದು?"

"ಅದನ್ನೂ ಹಿಡಿದೆ."

"ಬಡಿಯೋ ಕೈಗೆ?"

ಮಾವ ಜೋರಾಗಿ ನಕ್ಕರು. "ಏ ಹುಚ್ಚಿ, ಮನೀ ಕೈಗೆ ಯಾರರ ರೊಕ್ಕ ಹಿಡೀತಾರೇನು?"

ಇದೇ ಮಾವ ಅಂಗಡಿ ಮುಂದೆ ಲಾರಿ ನಿಂತರೆ ಚೀಲಕ್ಕೆ ಇಷ್ಟು ಎಂದು ಹಮಾಲಿ ಕೊಡುತ್ತಾರೆ. ಸಂಜೆಯವರೆಗೂ ಕಾಯಿಸುವುದಿಲ್ಲ, ಕೈಯಿಂದ ಕೈಗೆ. ಭಾರ ಎತ್ತಿದ ಭುಜಕ್ಕೆ ಕೂಲಿ ಕೊಡಬೇಕೆಂಬುದು ಅವರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಅಂಗಡಿ ಬಾಗಿಲವರೆಗೆ ಗೊತ್ತು.

ಮಾವನೊಬ್ಬರೇ ಅಲ್ಲ ಬಿಡಿ. ಮೊಬೈಲ್ ತೆರೆದರೆ ಸಾಕು, 'ಹೊರಗಿನ ಊಟ ಬಿಡಿ, ಹಣ ಉಳಿಸಿ' ಎಂಬ ಉಪದೇಶ. ಸಿಂಧನೂರಿನಲ್ಲಿ ನಾನು ಆಫೀಸು ಮುಗಿಸಿ ಬರುವಾಗ ವಾರಕ್ಕೆರಡು ದಿನ ಖಾನಾವಳಿಯಿಂದ ಪಾರ್ಸಲ್ ತರುತ್ತೇನೆ. ಆ ಕ್ಯಾರಿಬ್ಯಾಗ್ ನೋಡಿ ಎದುರುಮನೆಯ ದೊಡ್ಡಮ್ಮ, "ಹಿಂಗಾದ್ರ ಸಂಸಾರ ಉಳಿದಂಗ ಬಿಡವಾ" ಅನ್ನುತ್ತಾರೆ. ನನ್ನ ಗಂಡನೂ ಅದೇ ಪಾರ್ಸಲ್ ತರುತ್ತಾನಲ್ಲ, ಅವನಿಗೆ ಏನನ್ನುತ್ತಾರೆ ಗೊತ್ತೇ? "ಎಷ್ಟು ಕಾಳಜಿ ಮಾಡ್ತಾನ ನೋಡು ಹೆಂಡ್ತೀದು!" ಮನೆ ಅಡುಗೆ ಅಗ್ಗ ಎಂಬುದು ನಿಜ. ಬಿಟ್ಟಿ ಕೂಲಿ ಸಿಕ್ಕರೆ ಜಗತ್ತಿನಲ್ಲಿ ಯಾವುದು ತಾನೇ ತುಟ್ಟಿ?

ಇರಲಿ, ಮಾವನ ಸುದ್ದಿಗೆ ಬರೋಣ. ದರ ಇಳಿಸಲು ಅವರು ತಾವೇ ಖಾಸಿಂಬಿಯ ಮನೆಗೆ ಹೋದರು. ನಾನೂ ಹಿಂದೆಯೇ ಹೋದೆ (ಇಂಥ ತಮಾಷೆ ಬಿಡಲಾದೀತೇ?).

"ಕಮ್ಮಿ ಆಗಂಗಿಲ್ರೀ ಸೌಕಾರ್ರ. ಮೂರು ಮಂದಿ ಬಡಿಯಾಕತ್ತೀವಿ, ಆದ್ರೂ ಸಾಲವಲ್ದು. ನೀವು ಬ್ಯಾಡಂದ್ರ ಹೋಟೆಲ್‌ನವ್ರು ಒಯ್ತಾರ" ಎಂದಳು ಖಾಸಿಂಬಿ, ಹಂಚಿನಿಂದ ಕಣ್ಣೆತ್ತದೆ.

ಮಾವ ಅಲ್ಲಿ ಪೇರಿಸಿಟ್ಟ ರೊಟ್ಟಿಯನ್ನೇ ನೋಡುತ್ತ ನಿಂತರು. ಪಾಪ, ಹೆಂಡತಿ ಇಷ್ಟು ವರ್ಷ ಮಾಡಿದ್ದರ ಬೆಲೆ ಈಗ ತಿಳಿಯಿತು ಎಂದುಕೊಂಡೆ. ಸಮಾಧಾನದಿಂದಲೇ ಸಿಂಧನೂರಿನ ಬಸ್ಸು ಹತ್ತಿದೆ.

ಬೆಲೆ ತಿಳಿದದ್ದು ನಿಜವೇ. ಹೋದ ಭಾನುವಾರ ಮಸ್ಕಿಗೆ ಹೋದರೆ, ಅಕ್ಕನ ಮನೆಯ ಬಾಗಿಲಿಗೆ ಹೊಸ ಬೋರ್ಡು ಒರಗಿಸಿಟ್ಟಿತ್ತು. 'ಶರಣಮ್ಮ ರೊಟ್ಟಿ ಕೇಂದ್ರ. ಮನೆ ರುಚಿ. ಆರ್ಡರ್ ತೆಗೆದುಕೊಳ್ಳಲಾಗುವುದು.' ಹೆಸರು ಅಕ್ಕನದು. ಕೆಳಗಿನ ಫೋನ್ ನಂಬರ್ ಮಾವನದು.

ಕೂಸು ಹುಟ್ಟುವ ಮುಂಚೆ ಕುಲಾವಿ! ಕೈ ಇನ್ನೂ ತಲೆ ಬಾಚಿಕೊಳ್ಳುವಷ್ಟೂ ಏಳುತ್ತಿಲ್ಲ.

"ನನ್ನ ಹೆಸರು ಹಾಕಿಸ್ಯಾರ ನೋಡ" ಎಂದಳು ಅಕ್ಕ. ನಗುತ್ತಿದ್ದಳು. ಲಗ್ನಪತ್ರಿಕೆಯ ನಂತರ ಆಕೆಯ ಹೆಸರು ಅಚ್ಚಾದದ್ದು ಇದೇ ಮೊದಲು. ಬೋರ್ಡು ಕಂಡಾಗ ನನಗೆ ಬಂದದ್ದು ಸಿಟ್ಟು. ಆ ನಗು ಕಂಡಾಗ ಅಳುವೇ ಬಂತು.

ಅಂಗಡಿಗೆ ಹೋಗಿ ಮಾವನನ್ನು ಕೇಳಿಯೇಬಿಟ್ಟೆ. "ಮೂರು ತಿಂಗಳು ಬಡೀಬಾರ್ದು ಅಂತ ಡಾಕ್ಟರ್ ಹೇಳ್ಯಾರ. ರೊಟ್ಟಿ ಯಾರು ಬಡಿಯೋರು ಮಾವ?"

ಮಾವ ಕುರ್ಚಿ ಮುಂದಕ್ಕೆಳೆದುಕೊಂಡು, ದನಿ ತಗ್ಗಿಸಿ, ಬಹಳ ಕಾಳಜಿಯಿಂದಲೇ ಹೇಳಿದರು:

"ಅದಕ್ಕ ನಿನ್ನ ದಾರಿ ನೋಡಾಕತ್ತಿದ್ದೆ ನೋಡವಾ. ಲಿಂಗಸುಗೂರಿಗೆ ಹೋದಾಗ ಆ ಡಾಕ್ಟರಿಗೆ ಒಂದು ಮಾತು ಕೇಳ್ತೀಯೇನು, ಎಡಗೈಲೆ ಬಡೀಬಹುದೇನು ಅಂತ?"