ಎಡಗಡೆಯಿಂದ ಸೋರಿದ ಗಾಳಿ

ಕುಕ್ಕರಿನ ಗ್ಯಾಸ್ಕೆಟ್ ಸವೆದು ಒಂದು ಕಡೆಯಿಂದ ಸುಸ್ಸೆಂದು ಹಬೆ ಸೋರಿದರೆ ಸಾಕು, ನಾನು ಕೈಯಲ್ಲಿರುವ ಕೆಲಸ ಬಿಟ್ಟು ಹೋಗಿ ಒಲೆ ಆರಿಸಿಬಿಡುತ್ತೇನೆ. ಬೇಳೆ ಬೆಂದಿತೋ ಇಲ್ಲವೋ ನನಗೆ ಬೇಕಿಲ್ಲ. ಹೆಂಡತಿ ಮೊದಮೊದಲು ಮಂಗಳಾರತಿ ಎತ್ತುತ್ತಿದ್ದಳು. ಈಗ ನಾನು ಅಡುಗೆಮನೆಯಿಂದ ಹೊರಗೆ ಹೋಗುವವರೆಗೆ ಸುಮ್ಮನೆ ನಿಂತಿದ್ದು ಮತ್ತೆ ಹಚ್ಚುತ್ತಾಳೆ. ಆ ಸದ್ದು ಕೇಳಿದರೆ ಭಾವ ಮನೆಯೊಳಗೇ ಎಲ್ಲೋ ಕೂತಿದ್ದಾರೆ ಅನ್ನಿಸುತ್ತದೆ. ಅಕ್ಕನ ಗಂಡ ಅವರು, ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ತೀರಿಕೊಂಡು ಮೂರು ವರ್ಷವಾಯಿತು.

ನಾನು ರಾಜಾಜಿನಗರದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದೇ ನನ್ನ ನೌಕರಿ. ಸಂಗೀತದ ಗಂಧಗಾಳಿ ಇಲ್ಲ. ಒಮ್ಮೆ ಭಾವನ ಕ್ಲಾರಿನೆಟ್ಟಿನ ಮೌತ್‌ಪೀಸ್, ಅಂದರೆ ಬಾಯಿಗಿಟ್ಟುಕೊಳ್ಳುವ ಕಪ್ಪು ತುದಿ, ಛತ್ರದ ಮೆಟ್ಟಿಲ ಮೇಲೆ ಬಿದ್ದು ತರಚಿತು. ಅದನ್ನು ನಾನು ಸರಿಮಾಡಿ ಕೊಟ್ಟೆ. ಅವರು ಊದಿ ನೋಡಿ, ಊರೆಲ್ಲ ಡಂಗುರ ಸಾರಿದರು. ರಿಟೈರ್ ಆಗುವ ಹೊತ್ತಿಗೆ ಮಾಗಡಿ ರಸ್ತೆಯಿಂದ ಕೆಂಗೇರಿಯವರೆಗಿನ ಕ್ಲಾರಿನೆಟ್, ಸ್ಯಾಕ್ಸೊಫೋನ್‌ನವರೆಲ್ಲ ಮೂಡಲಪಾಳ್ಯದ ನಮ್ಮ ಮನೆಯ ಮುಂದಿನ ಕೋಣೆ ಹುಡುಕಿಕೊಂಡು ಬರತೊಡಗಿದ್ದರು.

ಕೆಲಸ ಇಷ್ಟೇ. ಮೌತ್‌ಪೀಸಿನ ಒಂದು ಮೈ ಚಪ್ಪಟೆಯಾಗಿರುತ್ತದೆ, ಅದರ ಮೇಲೆ ಬೆತ್ತದ ತೆಳುವಾದ ರೀಡ್ ಕೂರುತ್ತದೆ. ಆ ಚಪ್ಪಟೆ ಮೈ ತುದಿಗೆ ಬರುತ್ತಾ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ರೀಡಿಗೂ ಆ ಬಾಗಿಗೂ ನಡುವಿನ ಸಂದಿಯಲ್ಲೇ ಸ್ವರ ಹುಟ್ಟುವುದು. ಎಡ ಅಂಚು, ಬಲ ಅಂಚು ಎರಡೂ ಒಂದೇ ಸಮ ಬಾಗಿರಬೇಕು. ಗೆರೆ ಕೊರೆದ ಗಾಜಿನ ಮೇಲೆ ಮೌತ್‌ಪೀಸನ್ನು ಮಲಗಿಸಿ, ಸಂದಿಯೊಳಗೆ ಉಕ್ಕಿನ ತೆಳ್ಳನೆಯ ಪಟ್ಟಿಗಳನ್ನು ಒಂದೊಂದಾಗಿ ತೂರಿಸಿ, ಯಾವ ಪಟ್ಟಿ ಯಾವ ಗೆರೆಗೆ ನಿಂತಿತೆಂದು ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ ಬರೆದುಕೊಳ್ಳುತ್ತೇನೆ. ವ್ಯತ್ಯಾಸವಿದ್ದರೆ ಗಾಜಿನ ಮೇಲೆ ನುಣುಪಾದ ಎಮರಿ ಕಾಗದ ಹಾಸಿ, ಉಸಿರು ಬಿಗಿಹಿಡಿದು ನಾಲ್ಕೈದು ಸಲ ಉಜ್ಜುತ್ತೇನೆ. ಉಜ್ಜಿದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಗಟ್ಟಿ ರಬ್ಬರಿನ ಕಪ್ಪು ಪುಡಿ ಉದುರಿ ಗಂಧಕದ ವಾಸನೆ ಬರುತ್ತದೆ, ಎರಡು ದಿನ ಉಗುರಿನಿಂದ ಹೋಗುವುದಿಲ್ಲ.

ಸೋರಿಕೆ ಕಂಡುಹಿಡಿಯಲು ಊದುವವರಲ್ಲೇ ಒಂದು ಸುಲಭದ ದಾರಿ ಇದೆ. ಹಿಂದಿನ ತೂತನ್ನು ಅಂಗೈಯಿಂದ ಮುಚ್ಚಿ, ತುದಿಯಿಂದ ಗಾಳಿ ಹೀರಿ ಬಾಯಿ ತೆಗೆದರೆ, ರೀಡ್ ಕಚ್ಚಿಕೊಂಡು ಒಂದೆರಡು ಕ್ಷಣ ನಿಂತು ಟಪ್ಪೆಂದು ಬಿಡಬೇಕು. ಸೋರುತ್ತಿದ್ದರೆ ಕಚ್ಚುವುದೇ ಇಲ್ಲ. ಆದರೆ ಇದನ್ನು ನಾನು ಎಂದೂ ಮಾಡಿದವನಲ್ಲ. ಇನ್ನೊಬ್ಬರು ಬಾಯಿಗಿಟ್ಟದ್ದು ಎಂಜಲು. ಅಮ್ಮ ಕುಡಿದ ಲೋಟದಲ್ಲೇ ನೀರು ಕುಡಿಯದೆ ಬೆಳೆದವನು ನಾನು. ಡೆಟಾಲ್ ಹಾಕಿ ತೊಳೆದರೂ ಮನಸ್ಸು ಒಪ್ಪುತ್ತಿರಲಿಲ್ಲ. ನನ್ನ ಗಾಜು, ಪಟ್ಟಿ ಇರುವಾಗ ಬಾಯಿ ಯಾಕೆ ಬೇಕು ಎಂಬ ಜಂಭವೂ ಇತ್ತು. ಹೀರುವ ಕೆಲಸ ಬಂದವರದು, ಅಳೆಯುವ ಕೆಲಸ ನನ್ನದು.

ಸೋರಿಕೆಯ ದೂರು ಹೊತ್ತು ಭಾವ ಮೊದಲ ಸಲ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಗೋವಿಂದರಾಜನಗರದಿಂದ ನಡೆದೇ ಬಂದಿದ್ದರು.

"ಎಡಗಡೆಯಿಂದ ಗಾಳಿ ಸೋರ್ತಾ ಇದೆ ಕಣಯ್ಯಾ. ಮೇಲಕ್ಕೆ ಹೋದ್ರೆ ಕೀ ಅಂತ ಕಿರುಚ್ಕೊಳತ್ತೆ. ಸ್ವಲ್ಪ ನೋಡು."

ನೋಡಿದೆ. ಎಲ್ಲ ಪಟ್ಟಿಗಳೂ ಎರಡೂ ಕಡೆ ಒಂದೇ ಗೆರೆಗೆ ನಿಂತವು. ಒಂದು ಪಟ್ಟಿ ಮಾತ್ರ ಎಡಕ್ಕೆ ಅರ್ಧ ಗೆರೆ ಹೆಚ್ಚು ಹೋಯಿತು. ಅಷ್ಟು ವ್ಯತ್ಯಾಸ ಹೊಸ ಮೌತ್‌ಪೀಸಿನಲ್ಲೂ ಇರುತ್ತದೆ. ಟೂಲ್ ರೂಮಿನಲ್ಲಾಗಿದ್ದರೆ ಕಣ್ಣುಮುಚ್ಚಿ ಪಾಸ್ ಮಾಡುತ್ತಿದ್ದೆ. ಆದರೆ ಮನೆಗೆ ಬಂದ ಭಾವನನ್ನು ಏನೂ ಇಲ್ಲ ಎಂದು ಬರಿಗೈಯಲ್ಲಿ ಕಳಿಸುವುದು ಹೇಗೆ?

"ಸಿಕ್ತು ಭಾವ! ಕಳ್ಳ ಎಡಗಡೆನೇ ಕೂತಿದಾನೆ," ಎಂದೆ.

ಅವರ ಮುಖ ಅರಳಿತು. ಅಷ್ಟು ಸಣ್ಣ ವಿಷಯಕ್ಕೆ ಅಷ್ಟೊಂದು ಯಾಕೆ ಅರಳಿತು ಎಂದು ನಾನು ಯೋಚಿಸಲಿಲ್ಲ. ಉಜ್ಜಿ ಕೊಟ್ಟೆ.

ಎರಡು ತಿಂಗಳಲ್ಲಿ ಮತ್ತೆ ಬಂದರು, ಅದೇ ದೂರು. ಮೌತ್‌ಪೀಸಿನ ಮೇಲ್ಭಾಗದಲ್ಲಿ ಹಲ್ಲು ಜಾರದಿರಲಿ ಎಂದು ರಬ್ಬರಿನ ಚೂರು ಅಂಟಿಸಿರುತ್ತಾರೆ. ಭಾವನ ಹಲ್ಲು ಅದರ ನಡುವೆ ವರ್ಷಗಟ್ಟಲೆ ಕೂತು ಒಂದು ಗುಳಿ ಮಾಡಿತ್ತು. ಈಗ ಬಲಗಡೆ ಇನ್ನೊಂದು ಹೊಸ ಗುಳಿ ಬಿದ್ದಿತ್ತು. ತಪ್ಪು ಹುಡುಕುವ ಕಣ್ಣಲ್ಲವೇ, ತಕ್ಷಣ ಹಿಡಿಯಿತು. "ಹಲ್ಲಿನ ಗುರುತು ಬಲಕ್ಕೆ ಸರಿದಿದೆ" ಎಂದು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದೆ. ಆಮೇಲೆ ಭಾವನ ಕಾಲೆಳೆದೆ.

"ಏನ್ ಭಾವ, ಈ ವಯಸ್ಸಲ್ಲಿ ಬಾಯಿ ಸೊಟ್ಟ ಮಾಡ್ಕೊಂಡು ಯಾರಿಗೆ ಪೋಸ್ ಕೊಡ್ತಾ ಇದೀರಾ?"

ಅವರು ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಹೆಂಡತಿ ತಂದಿಟ್ಟ ಕಾಫಿ ಪೂರ್ತಿ ಆರುವವರೆಗೆ ಮುಟ್ಟಲಿಲ್ಲ. ಸುಡುಸುಡು ಕಾಫಿಯನ್ನು ಗಂಟಲಿಗೆ ಸುರಿದುಕೊಳ್ಳುತ್ತಿದ್ದ ಮನುಷ್ಯ. ಅದನ್ನೂ ನೋಡಿದೆ. ಕಾಫಿ ಆರಿಸಿಕೊಂಡು ಕುಡಿಯುವವರನ್ನು ಕಂಡರೆ ನನಗಾಗದು ಎಂದೂ ಹೇಳಿದೆ. ಎಷ್ಟು ಚೆನ್ನಾಗಿ ನೋಡಿದ್ದೆ ಎಲ್ಲವನ್ನೂ!

ಮೂರನೆಯ ಸಲ ಬಂದಾಗ ಮದುವೆ ಸೀಸನ್ ಇನ್ನೇನು ಶುರುವಾಗುವುದರಲ್ಲಿತ್ತು. ಆಗಿನ ಅಳತೆಯಲ್ಲಿ ಆ ಅರ್ಧ ಗೆರೆಯೂ ಇರಲಿಲ್ಲ. "ಹೀರಿ ನೋಡಿ," ಎಂದೆ. ಭಾವ ಅಂಗೈ ಮುಚ್ಚಿ ಹೀರಿದರು. ಎಡಗಡೆಯಿಂದ ಸುಸ್ಸೆಂದಿತು. ರೀಡ್ ಕಚ್ಚಲಿಲ್ಲ. ಇನ್ನೊಮ್ಮೆ ಹೀರಿದರು, ಇನ್ನೊಮ್ಮೆ. ಪ್ರತಿ ಸಲವೂ ಸುಸ್. ನನಗೆ ಪಿತ್ತ ನೆತ್ತಿಗೇರಿತು. ನನ್ನ ಕೆಲಸ ನನ್ನ ಕಣ್ಣೆದುರೇ ಸೋಲುತ್ತಿತ್ತು. ಮೌತ್‌ಪೀಸನ್ನು ಅವರ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡೆ. ಆ ಕ್ಷಣ ಅದನ್ನು ನನ್ನ ಬಾಯಿಗಿಟ್ಟು ಒಮ್ಮೆ ಹೀರಿದ್ದರೆ ಸಾಕಾಗಿತ್ತು, ಎಲ್ಲವೂ ಗೊತ್ತಾಗುತ್ತಿತ್ತು. ನಾನು ಅದನ್ನು ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಎಮರಿ ಕಾಗದ ಹಾಸಿದೆ.

"ನಿನ್ನ ಕೈಲಿ ಆಗತ್ತೆ ಬಿಡು," ಎಂದರು ಭಾವ, ನನಗೇ ಸಮಾಧಾನ ಹೇಳುವಂತೆ.

ಆ ಸೀಸನ್ನಿನಲ್ಲಿ ಅವರು ಊದಲಿಲ್ಲ. ಎಡಗೆನ್ನೆಯ ಒಳಗೆ ಹುಣ್ಣು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಒತ್ತಿಟ್ಟುಕೊಳ್ಳುತ್ತಿದ್ದ ಜಾಗ. ಬಾಯಿ ತೆರೆಯಲು ಆಗದಂತಾದ ಮೇಲೆ ಅಕ್ಕ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಆರು ತಿಂಗಳು ಮೊದಲೇ ಬಂದಿದ್ದರೆ ಎಂದು ಡಾಕ್ಟರ್ ಶುರುಮಾಡಿದ ಮಾತನ್ನು ನಾನು ಪೂರ್ತಿ ಕೇಳದೆ ಹೊರಗೆ ಬಂದೆ. ಭಾವ ಮೊದಲು ದೂರು ತಂದ ಆ ಭಾನುವಾರಕ್ಕೆ ಅಷ್ಟೇ ತಿಂಗಳಾಗಿತ್ತು. ಮುಂದಿನ ಯುಗಾದಿಗೆ ಭಾವ ಇರಲಿಲ್ಲ.

ತಿಥಿ ಮುಗಿದ ಮೇಲೆ ಅಕ್ಕ ಕ್ಲಾರಿನೆಟ್ಟನ್ನು ಬ್ಯಾಂಡಿನವರಿಗೆ ಕೊಟ್ಟಳು. ಮೌತ್‌ಪೀಸನ್ನು ಮಾತ್ರ ಕರ್ಚೀಫಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು.

"ಇದು ನಿನ್ನ ಹತ್ರನೇ ಇರ್ಲಿ ಕಣೋ. ಬಾಯಲ್ಲಿ ಉರಿ ಅಂತ ತುಪ್ಪ ಸವರ್ಕೊಳೋರು. ಡಾಕ್ಟರ್ ಹತ್ರ ಹೋಗೋಣ ಬನ್ನಿ ಅಂದ್ರೆ ಮುಖ ಸಣ್ಣಗಾಗೋದು. ನಿಮ್ಮನೆಗೆ ಬಂದು ಹೋದ ದಿನ ಮಾತ್ರ ಖುಷಿಯಾಗಿರೋರು. 'ನಿನ್ನ ತಮ್ಮ ಅಳತೆ ಹಾಕಿ ಹೇಳಿದಾನೆ ಕಣೇ, ತಪ್ಪು ಪೀಪೀದು, ನನ್ನ ಬಾಯಿದಲ್ಲ' ಅಂತ. ನೀನಾದ್ರೂ ಅವರಿಗೆ ಧೈರ್ಯ ಹೇಳ್ದೆಯಲ್ಲ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಭಾವನಿಗೆ ಗೊತ್ತಿತ್ತು, ಅಥವಾ ಅನುಮಾನವಿತ್ತು. ಅದು ಸುಳ್ಳೆಂದು ಯಾರಾದರೂ ಹೇಳಲಿ ಎಂದು ಅಷ್ಟು ದೂರ ನಡೆದು ಬರುತ್ತಿದ್ದರು. ನಾನು ಮೂರು ಸಲವೂ ಹೇಳಿ ಕಳಿಸಿದ್ದೆ.

ಮರುದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಕರ್ಚೀಫು ಬಿಚ್ಚಿದೆ. ತೊಳೆಯಲಿಲ್ಲ. ರೀಡ್ ಕಟ್ಟಿ, ಅಂಗೈ ಮುಚ್ಚಿ, ಹುಟ್ಟಿದ ಮೇಲೆ ಮೊದಲ ಸಲ ಇನ್ನೊಬ್ಬರ ಎಂಜಲನ್ನು ಬಾಯಿಗಿಟ್ಟೆ. ನನ್ನ ಮೇಲಿನ ಹಲ್ಲು ತಾನಾಗಿ ಜಾರಿ ಬಲಗಡೆಯ ಆ ಹೊಸ ಗುಳಿಯೊಳಗೆ ಕೂತಿತು. ನನ್ನ ಬಾಯಿಯೂ ಸೊಟ್ಟಗಾಯಿತು. ಹೀರಿ ತೆಗೆದೆ. ರೀಡ್ ಕಚ್ಚಿಕೊಂಡಿತು. ಎಲ್ಲಿಂದಲೂ ಒಂದಿಷ್ಟೂ ಗಾಳಿ ಹೋಗಲಿಲ್ಲ. ಎಣಿಸುತ್ತಾ ಕೂತೆ. ಟಪ್ಪೆನ್ನುವ ಹೊತ್ತಿಗೆ ನನಗೆ ಲೆಕ್ಕ ತಪ್ಪಿಹೋಗಿತ್ತು.

ಈಗ ಯಾರೇ ಬಂದು ಸೋರುತ್ತಿದೆ ಎಂದರೂ ಗಾಜು ತೆಗೆಯುವ ಮೊದಲು ನಾನೇ ಬಾಯಿಗಿಟ್ಟು ಹೀರುತ್ತೇನೆ. ಕಾಲೇಜಿನ ಹುಡುಗಿಯರು ಮುಖ ಕಿವುಚಿ "ಅಂಕಲ್, ವಾಶ್ ಮಾಡಿಲ್ಲ" ಅನ್ನುತ್ತಾರೆ. ಇರಲಿ ಬಿಡಮ್ಮ ಅನ್ನುತ್ತೇನೆ.

ಅಂದು ಮಧ್ಯಾಹ್ನ ಹೀರಿ ನೋಡಿದ್ದನ್ನು ಅಕ್ಕನಿಗೆ ಹೇಳಿಲ್ಲ. ಅವಳು ಬಂದಾಗಲೆಲ್ಲ ಮುಂದಿನ ಕೋಣೆಯ ಶೆಲ್ಫಿನ ಮೇಲಿರುವ ಆ ಮೌತ್‌ಪೀಸನ್ನು ಕೈಗೆತ್ತಿಕೊಂಡು ಸೆರಗಿನಿಂದ ಒರೆಸಿ ಇಡುತ್ತಾಳೆ. ಹೋದ ವಾರ ಬಂದವಳು ಒರೆಸುತ್ತಾ ಕೇಳಿದಳು.

"ಅಷ್ಟು ಸಲ ಉಜ್ಜಿದ್ಯಲ್ಲೋ, ಸೋರೋದು ಈಗಲಾದ್ರೂ ನಿಂತಿದ್ಯಾ?"

"ನಿಂತಿದೆ ಅಕ್ಕ," ಎಂದೆ.