ಎರಡನೇ ಭಾಷಣ

ಸಾಗರದಲ್ಲಿ ನಾನು ಬಾಡಿಗೆ ಕಾರು ಓಡಿಸುತ್ತಿದ್ದೆ. ಹೆಂಡತಿ ತೀರಿಕೊಂಡ ವರ್ಷ, ಪಾರ್ಲಿಮೆಂಟಿನ ಮೆಂಬರೊಬ್ಬರನ್ನು ತೀರ್ಥಹಳ್ಳಿಗೆ ಬಿಡಲು ಹೋದೆ. ಹಿಂದಿನ ಸೀಟಿನಲ್ಲಿ ಕೂತು ಅವರು ದೆಹಲಿಯ ಭಾಷಣ ಅಭ್ಯಾಸ ಮಾಡುತ್ತಿದ್ದರು. ದೇಶಕ್ಕೆ ಅಪಾಯ ಮಾಡುವವರನ್ನು ಪೊಲೀಸರು ಕಾರಣ ಹೇಳದೆ ಹಿಡಿದಿಡುವುದು ಸರಿ ಅಂತ. ಹೊಸನಗರ ದಾಟಿದ ಮೇಲೆ, ಅಷ್ಟೇ ಜೋರಾಗಿ, ಅದು ತಪ್ಪು ಅಂತ.

ನನಗೆ ತಡೆಯಲಾಗಲಿಲ್ಲ. “ಸ್ವಾಮಿ, ನೀವು ಯಾವ ಕಡೆ?”

“ಪಾರ್ಟಿಯವ್ರು ಇನ್ನೂ ಹೇಳಿಲ್ಲ ಮಾರಾಯ. ಎರಡೂ ರೆಡಿ ಇರ್ಲಿ ಅಂತ.”

“ನನ್ನ ಹೆಂಡ್ತಿಯ ತಮ್ಮನ್ನ ಪೊಲೀಸ್ನೋರು ಹಂಗೇ ಹಿಡ್ಕೊಂಡು ಹೋದ್ರು. ಯಾಕೆ ಅಂತ ಅವ್ಳು ಕೊನೆವರೆಗೂ ಕೇಳ್ತಿದ್ಲು. ಅವ್ಳು ಸತ್ತಾಗ ಅವನಿಗೆ ಮುಖ ನೋಡೋಕೂ ಬಿಡ್ಲಿಲ್ಲ. ನೀವು ಅಲ್ಲಿ ಒಂದ್ಸಲ ಕೇಳ್ತೀರಾ?”

ಅವರು ಕೈಯಲ್ಲಿದ್ದ ಕಾಗದ ತಿರುವಿ ಹಾಕಿದರು. “ಅದು ಎರಡನೇ ಭಾಷಣದಲ್ಲಿ ಬರುತ್ತೆ” ಅಂದರು.

ಇಳಿಯುವಾಗ ಭಾವಮೈದನ ಹೆಸರು ಕೇಳಿದರು. ನಿಧಾನವಾಗಿ ಎರಡು ಸಲ ಹೇಳಿದೆ.

ಆಮೇಲೆ ದಿನಾ ಹೋಟೆಲಿನ ರೇಡಿಯೋ ಮುಂದೆ ನಿಂತೆ. ಒಂದು ಸಂಜೆ, ಬಿರುಸಿನ ಚರ್ಚೆ ನಡೆದು, ಹಾಗೆ ಹಿಡಿದಿಡುವ ಕಾನೂನು ಮುಂದುವರಿಸುವ ಮಸೂದೆ ಪಾಸಾಯಿತು ಅಂದರು. ನಮ್ಮ ಮೆಂಬರು ಯಾವ ಭಾಷಣ ಮಾಡಿದರೋ, ಅದು ಬರಲಿಲ್ಲ.

ಮಳೆಗಾಲ ಮುಗಿದ ಮೇಲೆ ಭಾವಮೈದ ಮನೆಗೆ ಬಂದ. ಯಾಕೆ ಬಿಟ್ಟರು ಅಂತ ಕೇಳಿದೆ.

ಅದನ್ನೂ ಹೇಳಲಿಲ್ಲವಂತೆ.